ಆರು ಬಿಟ್ಟು ಏಳು

ಹೊಳೆದಂಡೆಯಲ್ಲೊಂದು ಸಣ್ಣ ಆಸ್ಪತ್ರೆ. ಅಲ್ಲಿ ಅರಿವಳಿಕೆ ಕೊಡುವವರು ಡಾಕ್ಟರ್ ಸೋಮಲಿಂಗಪ್ಪ. ಇಪ್ಪತ್ತು ವರ್ಷ ಹಳ್ಳಿ ಡಾಕ್ಟರಾಗಿದ್ದು, ತಲೆ ನರೆತ ಮೇಲೆ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಈ ಕಸುಬು ಕಲಿತವರು.

ಅವರ ಕೈಕೆಳಗೆ ಕಲಿಯುತ್ತಿದ್ದವಳು ಪ್ರಭಾವತಿ. ಒಂದು ಬೆಳಿಗ್ಗೆ ಬಂದವಳೇ ಹೇಳಿದಳು.

"ಸರ್, ಈ ಕೆಲಸ ಬಿಟ್ಟುಬಿಡ್ತೀನಿ."

"ಯಾಕವ್ವಾ?"

"ಗಿರಾಕಿಗೆ ಮುಖವೇ ಕಾಣದ ಅಂಗಡಿ ಇದು. ಎಲ್ಲರೂ ಕೈಮುಗಿಯೋದು ಸರ್ಜನ್‌ಗೆ. ನಮ್ಮ ಹೆಸರು ಯಾರಿಗೆ ಗೊತ್ತು?"

"ಹೋಗುವಿಯಂತೆ. ಇವತ್ತಿನದೊಂದು ಮುಗಿಸು."

ಅವತ್ತಿನ ರೋಗಿ ಕೊಟ್ರಪ್ಪ, ಸಂತೆಯಲ್ಲಿ ಕಾಳು ಅಳೆಯುವವನು. ಹರ್ನಿಯಾ ಆಪರೇಷನ್ ಆಗಬೇಕಿತ್ತು.

ಪ್ರಭಾವತಿ ಸಿರಿಂಜು ಹಿಡಿದಳು. "ಔಷಧಿ ಹೋಗುವಾಗ ಹತ್ತರ ತನಕ ಎಣಿಸಪ್ಪಾ."

"ಐದರ ತನಕ ಎಣಿಸ್ತೀನ್ರಿ. ಆರು ಅನ್ನಂಗಿಲ್ಲ."

"ಯಾಕೆ?"

"ದೇವರ ಮುಂದ ದೀಪ ಹಚ್ಚಿಟ್ಟು ಬಂದೀನಿ. ಅದಕ್ಕ ಆರು ಅನ್ನಲೇನು?"

"ಅದು ಬರೀ ಲೆಕ್ಕ. ಸುಮ್ಮನೆ ಎಣಿಸು."

ಕೊಟ್ರಪ್ಪನ ನಾಡಿ ಓಡತೊಡಗಿತು. ಸೋಮಲಿಂಗಪ್ಪ ಅವಳ ಕೈ ತಡೆದರು. ಸ್ಟೂಲು ಎಳೆದುಕೊಂಡು ಅವನ ತಲೆಯ ಹತ್ತಿರ ಕೂತರು.

"ಕೊಟ್ರಪ್ಪಾ, ಐದಾದ ಮೇಲೆ ನೇರ ಏಳು ಅನ್ನು. ನೀನು ಏಳೋದೇ ತಾನೇ ನಮಗೆ ಬೇಕಾದ್ದು?"

ಅವನಿಗೆ ನಗು ಬಂತು. "ಇದು ಖರೇ ಅಳತಿ, ಡಾಕ್ಟ್ರೇ."

ನಾಡಿ ಇಳಿಯಿತು. ಗುರು ತಲೆಯಾಡಿಸಿದ ಮೇಲೆ ಅವಳು ಔಷಧಿ ಕೊಟ್ಟಳು.

ಅಳೆಯುವವನು ಸಂತೆಯಲ್ಲಿ ಅಳೆಯುವಂತೆಯೇ, ಒಂದರ ಬದಲು ಲಾಭ ಅಂತ ಶುರು ಮಾಡಿದ. "ಲಾಭ, ಎರಡು, ಮೂರು, ನಾ..."

ಏಳರ ತನಕ ಹೋಗುವ ಪ್ರಸಂಗವೇ ಬರಲಿಲ್ಲ.

ಸರ್ಜನ್ ಕೆಲಸ ನಡೆದಿತ್ತು. ಸೋಮಲಿಂಗಪ್ಪ ಉಸಿರಿನ ಮೇಲೆ ಕಣ್ಣಿಟ್ಟೇ ಕೂತಿದ್ದರು.

"ಸರ್, ಹಳ್ಳಿಯಲ್ಲಿ ನಿಮ್ಮ ಹೆಸರು ಎಲ್ಲರಿಗೂ ಗೊತ್ತಿತ್ತಂತೆ."

"ಗೊತ್ತಿತ್ತು. ಅರಿವಳಿಕೆ ಅಲ್ಲೆಲ್ಲಿತ್ತು? ನಾಲ್ಕು ಜನ ಕೈಕಾಲು ಅದುಮಿ ಹಿಡಿಯೋರು, ನಾನು ಹೊಲಿಗೆ ಹಾಕ್ತಿದ್ದೆ. ಮರೆಯೋದು ಹೇಗೆ? ನನ್ನ ಸೈಕಲ್ ಬೆಲ್ ಕೇಳಿದರೆ ಮಕ್ಕಳು ಕಣಜದ ಹಿಂದೆ ಅಡಗಿಕೊಳ್ತಿದ್ದವು."

"ಮತ್ತೆ..."

"ಮಾತು ಆಮೇಲೆ. ಉಸಿರು ನೋಡು."

ಮುಕ್ಕಾಲು ಗಂಟೆ ಕಳೆಯಿತು. ಸರ್ಜನ್ ಗ್ಲೌಸ್ ಬಿಚ್ಚಿದರು. ಇವರಿಬ್ಬರು ಮಾತ್ರ ಕದಲಲಿಲ್ಲ. ಕೊಟ್ರಪ್ಪ ಕೆಮ್ಮಿ, ನಿಧಾನಕ್ಕೆ ಕಣ್ಣು ಬಿಟ್ಟ.

"ಯಾವಾಗ ಶುರು ಮಾಡ್ತೀರ್ರಿ?"

"ಮುಗೀತಪ್ಪಾ. ಹೊಲಿಗೆಯೂ ಆಯ್ತು," ಎಂದಳು ಪ್ರಭಾವತಿ.

ಅವನು ಹೊಟ್ಟೆ ಮುಟ್ಟಿ ನೋಡಿಕೊಂಡ. ಬಾಗಿಲಲ್ಲಿ ನಿಂತಿದ್ದ ಸರ್ಜನ್‌ಗೆ ಎರಡೂ ಕೈ ಎತ್ತಿ ಮುಗಿದ.

"ನೋಡಿದ್ರಾ ಸರ್? ನಮ್ಮ ಕಡೆ ತಿರುಗಲೂ ಇಲ್ಲ."

ಸೋಮಲಿಂಗಪ್ಪನವರ ಮುಖ ಊಟ ಮುಗಿಸಿ ಎದ್ದವರ ಮುಖದಂತಿತ್ತು.

"ಯಾವಾಗ ಶುರು ಮಾಡ್ತೀರಿ ಅಂತ, ಆ ಇಪ್ಪತ್ತು ವರ್ಷದಲ್ಲಿ ಒಬ್ಬನೂ ನನ್ನ ಕೇಳಿರಲಿಲ್ಲ, ತಂಗಿ."