ಸ್ಲೈಡಿನ ಆ ತುದಿ

ಈ ಕಥೆಯ ಗುರುಗಳಿಗೆ ಗಡ್ಡವೂ ಇಲ್ಲ, ಆಶ್ರಮವೂ ಇಲ್ಲ. ಹೊಳೆದಂಡೆಯ ಆಸ್ಪತ್ರೆಯೊಂದರ ಕೆಳಗಿನ ಅಂತಸ್ತಿನಲ್ಲಿ ಒಂದು ಲ್ಯಾಬು, ಅದರಲ್ಲೊಂದು ಹಳೇ ಮೈಕ್ರೋಸ್ಕೋಪು, ಅಷ್ಟೇ ಅವರ ಆಸ್ತಿ. ಹೆಸರು ಡಾಕ್ಟರ್ ಕರಿಬಸಪ್ಪ. ಎಲ್ಲರಿಗೂ ಮೇಷ್ಟ್ರು. ರೋಗಿಯ ಮೈಯಿಂದ ತೆಗೆದ ಚೂರು ನೋಡಿ ರೋಗ ಹೇಳುವುದು ಅವರ ನಲವತ್ತು ವರ್ಷದ ಕೆಲಸ.

ಹಾಲೇಶ ಎಂಬ ಡಾಕ್ಟರು ಅವರ ಹತ್ತಿರ ಆ ವಿದ್ಯೆ ಕಲಿಯುತ್ತಿದ್ದ.

ಹಾಲೇಶನ ಅವ್ವ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ದೊಡ್ಡ ಕರುಳಿನ ಕ್ಯಾನ್ಸರ್, ಲಿವರಿಗೂ ಹಬ್ಬಿತ್ತು. ಕೊಡುವ ಔಷಧಿಯೆಲ್ಲ ಕೊಟ್ಟು ಡಾಕ್ಟರುಗಳು ಕೈಚೆಲ್ಲಿದ್ದರು.

ಅವನು ದಿನಕ್ಕೆರಡು ಸಲ ಮೇಲೆ ಹೋಗುತ್ತಿದ್ದ. "ಒಂದ್ ಗಳಿಗೆ ಕೂತ್ಕೊಳ್ಳೋ" ಅನ್ನುತ್ತಿದ್ದಳು ಅವ್ವ.

"ಕೆಲ್ಸ ಐತೆ ಅವ್ವ, ಆಮೇಲೆ ಬರ್ತೀನಿ" ಅಂದು ಇಳಿದುಬಿಡುತ್ತಿದ್ದ.

ಎಂಥ ಕೆಲಸ! ಅವ್ವನ ಕರುಳಿನ ಚೂರಿದ್ದ ಸ್ಲೈಡನ್ನೇ ಇಟ್ಟುಕೊಂಡು ಮತ್ತೆ ಮತ್ತೆ ನೋಡುವುದು. ಪಾಪ, ಅವನಿಗೆ ಹೆದರಿಕೆ. ಅವ್ವನ ಮುಖ ನೋಡುವುದಕ್ಕಿಂತ ಅದೇ ಸುಲಭವಾಗಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು.

"ಏನಪ್ಪಾ ಎಣಿಸ್ತಿದೀಯ?"

"ಕಂದು ಬಣ್ಣ ಹಿಡಿದ ಕೋಶ ಸರ್. ಮೊದಲ್ನೇ ಸಲ ನೂರಕ್ಕೆ ನಲವತ್ತೆರಡು ಬಂತು. ಆಮೇಲೆ ಮೂವತ್ತೆಂಟು. ಮತ್ತೆ ಎಣಿಸ್ತಿದೀನಿ."

ಆ ಕಂದು ಬಣ್ಣದ ವಿಷಯ ಇಷ್ಟೇ. ನಮ್ಮ ಮೈಯಲ್ಲಿ ಕಾವಲು ಕಾಯುವ ಬಿಳಿ ಕಣಗಳಿವೆ. ಅವು ಹತ್ತಿರ ಬಂದರೆ ಕೆಲವು ಕ್ಯಾನ್ಸರ್ ಕೋಶಗಳು ಒಂದು ಪ್ರೋಟೀನನ್ನು ಗುರುತಿನಂತೆ ತೋರಿಸುತ್ತವೆ. ನಾನು ನಿಮ್ಮವನೇ, ಹೊಡೀಬೇಡಿ ಅಂತ. ಕಾವಲು ನಂಬುತ್ತದೆ, ಸುಮ್ಮನಾಗುತ್ತದೆ. ಸ್ಲೈಡಿಗೆ ಬಣ್ಣ ಹಾಕಿದರೆ ಆ ಪ್ರೋಟೀನು ಇದ್ದಲ್ಲಿ ಕಂದಾಗುತ್ತದೆ.

"ನಿನಗೆ ಏನು ಗೊತ್ತಾಗ್ಬೇಕು?"

"ಅವ್ವ ಇನ್ನೆಷ್ಟು ದಿನ ಅಂತ."

"ಇಷ್ಟೇ ಬಣ್ಣ ಇದ್ದೋರು ವರ್ಷಗಟ್ಟಲೆ ಬದುಕಿದ್ದು ನೋಡಿದೀನಿ. ಎರಡೇ ತಿಂಗಳಲ್ಲಿ ಹೋಗಿದ್ದೂ ನೋಡಿದೀನಿ. ಅದು ನಿನಗೆ ದಿನ ಹೇಳಲ್ಲಪ್ಪ."

ಹಾಲೇಶನಿಗೆ ಸಿಟ್ಟು ಬಂತು. ಕಣ್ಣು ಕೆಂಪಾಗಿತ್ತು.

"ಹಾಳಾದ್ದು ಸರ್ ಇದು. ಕಳ್ಳನ ಕೈಗೆ ಕೊಡೋಕೆ ಇಂಥ ಗುರುತನ್ನ ಈ ಮೈ ಯಾಕಾದ್ರೂ ಇಟ್ಕೊಂಡಿದೆ?"

ಮೇಷ್ಟ್ರು ಕೈ ಚಾಚಿ ಸ್ಲೈಡನ್ನು ಆ ತುದಿಯವರೆಗೆ ಸರಿಸಿದರು.

"ಈಗ ನೋಡು."

ಆ ತುದಿಯಲ್ಲಿ ಇನ್ನೊಂದು ಚೂರು ಇರುತ್ತದೆ, ಬೇರೆ ಯಾರದೋ. ಅದು ಕಂದಾದರೆ ಬಣ್ಣ ಸರಿಯಾಗಿ ಹಿಡಿದಿದೆ ಅಂತ ಅರ್ಥ. ಹಾಲೇಶ ಅಂಥವನ್ನು ನೂರಾರು ನೋಡಿದ್ದ, ನೋಡಿದ ಕೂಡಲೇ ಮರೆತಿದ್ದ.

"ಕಂಟ್ರೋಲ್ ಸರ್. ಚೆನ್ನಾಗಿ ಹಿಡಿದಿದೆ."

"ಯಾವುದರ ಚೂರು?"

"ಮಾಸು ಸರ್, ಪ್ಲಾಸೆಂಟಾ. ಯಾರದೋ ಹೆರಿಗೆ ಆದ್ಮೇಲೆ ಇಸ್ಕೊಂಡಿದ್ದು."

"ಮಾಸಿಗೆ ಯಾಕಪ್ಪ ಈ ಬಣ್ಣ?"

ಪರೀಕ್ಷೆಗೆ ಓದಿದ್ದ ಪಾಠ. ಹಾಲೇಶ ಗಡಗಡ ಹೇಳತೊಡಗಿದ.

"ಮಗು ಅರ್ಧ ಅಪ್ಪನದು ಸರ್. ತಾಯಿ ಮೈಗೆ ಅದು ಹೊರಗಿನದು. ತಾಯಿಯ ಕಾವಲು ಬಂದು ಹೊಡೆದು ಹಾಕಬಾರದು ಅಂತ ಮಗುವಿನ ಮಾಸು ಇದೇ ಗುರುತು ತೋರಿಸಿ..."

ಅಲ್ಲಿಗೆ ನಿಂತ. ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯಲೂ ಇಲ್ಲ, ಹಾಗೇ ಅತ್ತ.

ಮೇಷ್ಟ್ರು ಅವನನ್ನು ಅಳಲು ಬಿಟ್ಟರು. ಆಮೇಲೆ ಮೈಕ್ರೋಸ್ಕೋಪಿನ ದೀಪ ಆರಿಸಿದರು.

"ಲೆಕ್ಕ ಮುಗಿದಿಲ್ಲ ಸರ್" ಅಂದ ಹಾಲೇಶ.

"ನಿನ್ನವ್ವನ ಮೈ ಈ ಗುರುತನ್ನ ಎರಡು ಸಲ ನಂಬ್ತು ಹಾಲೇಶ. ಮೊದಲ್ನೇ ಸಲ ತೋರಿಸಿದೋನು ನೀನು. ಹೋಗು, ಒಂದ್ ಗಳಿಗೆ ಕೂತ್ಕೋ."