ಬೆಣ್ಣೆಯಿಲ್ಲದ ಹೋಟೆಲ್ ದೋಸೆ

ದಾವಣಗೆರೆಯ ಗಿರಣಿ ಸಾಹುಕಾರ ಮುರಿಗೆಪ್ಪನವರಿಗೆ ಡಾಕ್ಟರು ಬೆಣ್ಣೆ ಬಿಡಿಸಿದ್ದೇ ತಡ, ಅಡುಗೆಯ ಕೊಟ್ರಮ್ಮನಿಗೆ ಗ್ರಹಚಾರ ವಕ್ಕರಿಸಿತು.

"ಬೆಣ್ಣೆ ಹಾಕಬಾರದು, ಹೋಟೆಲ್ ದೋಸೆಯ ರುಚಿಯೇ ಬರಬೇಕು. ನಾಳೆ ಅದು ಬರಲಿಲ್ಲವೋ, ನಾಡಿದ್ದಿನಿಂದ ನೀನೂ ಬರಬೇಡ!"

ಕೊಟ್ರಮ್ಮ ಅವರ ಮೆಚ್ಚಿನ ಹೋಟೆಲಿಗೇ ಹೋಗಿ ದೋಸೆ ತಿಂದಳು. ಬಾಯಿಗಿಂತ ಕಣ್ಣಿಗೇ ಹೆಚ್ಚು ಕೆಲಸ ಕೊಟ್ಟಳು. ತಿನ್ನುವವರ ಕುರ್ಚಿಗಳ ಹಿಂದೆ, ಸೀಟಿಗಾಗಿ ಕಾಯುತ್ತ ನಿಂತವರೆಲ್ಲ ಅವರ ತಟ್ಟೆ ನೋಡಿ ಜೊಲ್ಲು ನುಂಗುತ್ತಿದ್ದರು.

ಮರುದಿನ ಬೆಳಿಗ್ಗೆ ಮೇಜಿನ ಮುಂದೆ ಒಂದೇ ಕುರ್ಚಿ. ಅದರಲ್ಲಿ ಸಾಹುಕಾರರ ಹೆಂಡತಿ ನೀಲಮ್ಮ ದೋಸೆ ತಿನ್ನುತ್ತಿದ್ದರು. ಉಳಿದ ಕುರ್ಚಿಗಳನ್ನು ಕೊಟ್ರಮ್ಮ ಹಿತ್ತಲಿಗೆ ಸಾಗಿಸಿದ್ದಳು.

"ನಾನೆಲ್ಲಿ ಕೂರಲಿ?"

"ಅಮ್ಮಾವ್ರ ಹಿಂದೆ ನಿಲ್ರಿ ಸಾವ್ಕಾರ್ರೇ. ಅವರು ಎದ್ದಮೇಲೆ ನಿಮ್ಮ ಪಾಳಿ."

ಸಾಹುಕಾರರು ಗುರುಗುಟ್ಟಿದರು. ನೀಲಮ್ಮ ಬೆರಳಿನ ಚಟ್ನಿ ನೆಕ್ಕಿ, ಇನ್ನೊಂದು ದೋಸೆ ಹೇಳಿದರು. ಗುರುಗುಟ್ಟಿದವರು ಈಗ ಗೋಗರೆದರು: "ಬೇಗ ಮುಗಿಸೇ ತಾಯಿ!"

ಕೊನೆಗೂ ಕುರ್ಚಿ ಸಿಕ್ಕಿತು. ಹನಿ ಎಣ್ಣೆ ಸವರಿ ಬೇಯಿಸಿದ ದೋಸೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನೋಡನೋಡುತ್ತ ಮೂರು ಇಳಿದವು.

"ಇದು ನೋಡು ಹೋಟೆಲ್ ರುಚಿ! ಕಳ್ಳಿ, ಬೆಣ್ಣೆ ಹಾಕೀಯ ತಾನೇ?"

"ಇಲ್ರಿ. ಹಸಿವು ಕೆರಳೋವರೆಗೂ ನಿಮ್ಮನ್ನ ನಿಲ್ಲಿಸೀನಿ, ಅಷ್ಟೇ."

ಸಾಹುಕಾರರು ಅವಳನ್ನೇ ನೋಡಿದರು. ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಕೊಟ್ರಮ್ಮಾ, ನಾಳೆಗೂ ಅಕ್ಕಿ ನೆನೆಹಾಕು," ಎಂದವರು ಹೆಂಡತಿಯತ್ತ ತಿರುಗಿದರು. "ಲೇ, ನಾಳೆ ಇನ್ನೂ ಸ್ವಲ್ಪ ನಿಧಾನ ತಿನ್ನು."