ಕದ ತೆಗೆಯುವ ಹೊತ್ತು

ಒಂದು ಆಸ್ಪತ್ರೆಯ ಗೋಡೆಪೆಟ್ಟಿಗೆಯಲ್ಲಿ ಮೂರು ನೆಟ್‌ವರ್ಕ್ ಸ್ವಿಚ್‌ಗಳಿದ್ದವು, ಕಂಪ್ಯೂಟರುಗಳ ಸಂದೇಶ ದಾಟಿಸುವ ಪೆಟ್ಟಿಗೆಗಳು: ಹಿರಿಯ, ನಡುವಿನವ, ಕಿರಿಯ. ಹಿರಿಯ ಗಳಿಗೆಗೊಮ್ಮೆ "ನಾನಿದ್ದೇನೆ" ಎನ್ನುತ್ತಿದ್ದ. ಅವನ ಮೂಲಕವೇ ಎಲ್ಲ ಸಂದೇಶ ಓಡಾಡುತ್ತಿತ್ತು. ನಡುವಿನವನಿಗೂ ಕಿರಿಯನಿಗೂ ನೇರ ದಾರಿಯಿದ್ದರೂ ಹಿರಿಯ ಇರುವ ತನಕ ಅದರ ಕದ ಮುಚ್ಚಿರಬೇಕಿತ್ತು, ಕಾವಲು ಕಿರಿಯನದು.

ಒಂದು ಮಧ್ಯಾಹ್ನ ಹಿರಿಯನ ದನಿ ಒಮ್ಮೆ ಕೇಳಿಸಲಿಲ್ಲ.

"ಹಿರಿಯ ಹೋದ. ಕದ ತೆಗೆಯುತ್ತೇನೆ," ಎಂದ ಕಿರಿಯ.

"ತಾಳು ತಮ್ಮ," ಎಂದ ನಡುವಿನವ ಕದದಾಚೆಯಿಂದ. "ಅವನ ಕೊನೆಯ ಮಾತು ಹಳಸುವ ತನಕ ಕಾಯಿ. ಆಮೇಲೆ ಕಿವಿಗೊಡು. ಯಾರು ಎಲ್ಲಿದ್ದಾರೆಂದು ತಿಳಿದುಕೋ. ಕದ ತೆಗೆಯುವುದು ಕೊನೆಗೆ."

"ಅಷ್ಟರಲ್ಲಿ ಜನ ನಮ್ಮನ್ನು ಬೈದು ಮುಗಿಸಿರುತ್ತಾರೆ, ಅಣ್ಣ," ಎಂದು ಕಿರಿಯ ಕದ ತೆಗೆದೇಬಿಟ್ಟ.

ಹಿರಿಯ ಹೋಗಿರಲಿಲ್ಲ, ಒಂದು ಮಾತು ತಪ್ಪಿತ್ತು, ಅಷ್ಟೆ. ಮೂರೂ ದಾರಿ ತೆರೆದಿದ್ದರಿಂದ, ಔಷಧಿ ಕೋಣೆಯಿಂದ ಬಂದ "ಪ್ರಿಂಟರ್ ಎಲ್ಲಿದೆ?" ಎಂಬ ಪ್ರಶ್ನೆ ಮೂವರ ನಡುವೆ ಗಾಣದೆತ್ತಿನಂತೆ ಸುತ್ತತೊಡಗಿತು. ಒಂದು ಹತ್ತಾಯಿತು, ಹತ್ತು ಸಾವಿರವಾಯಿತು. ಹಿರಿಯನ "ನಾನಿದ್ದೇನೆ" ಆ ಗದ್ದಲದಲ್ಲಿ ಮುಳುಗಿತು. ವಾರ್ಡಿನವರು ಕಾಯುತ್ತಿದ್ದ ರಕ್ತದ ವರದಿ ದಾರಿಯಲ್ಲೇ ಸಿಕ್ಕಿಬಿತ್ತು. ರಿಪೇರಿಯವಳು ಬಂದು ತಂತಿ ಕಿತ್ತು, ಕದ ಮತ್ತೆ ಮುಚ್ಚಿದಾಗಲೇ ಸದ್ದಡಗಿತು.

ಮುಂದೊಂದು ದಿನ ಹಿರಿಯ ನಿಜಕ್ಕೂ ಸುಮ್ಮನಾದ. ಕಿರಿಯ ಕಾದ, ಕಿವಿಗೊಟ್ಟ, ಯಾರು ಎಲ್ಲಿದ್ದಾರೆಂದು ತಿಳಿದುಕೊಂಡ. ಆಮೇಲೆ ಕದ ತೆಗೆದ. ಮೊದಲು ಬಂದದ್ದು ಔಷಧಿ ಕೋಣೆಯವರು ವಾರ್ಡಿಗೆ ಕಳಿಸಿದ ಮಾತು: "ಈ ನೆಟ್‌ವರ್ಕ್ ಹಾಳಾಗಿ ಹೋಗಲಿ, ಎಷ್ಟು ನಿಧಾನ."

ಕಿರಿಯ ಆ ಬೈಗುಳವನ್ನು ದಾಟಿಸಿ, ಸುತ್ತಿಕೊಂಡು ಮತ್ತೆ ಬರುತ್ತದೆಯೇ ಎಂದು ಕಾದ.

ಬರಲಿಲ್ಲ.